ಷರಾ ಕಾಲಮ್ಮಿನಲ್ಲಿ ನಾಲ್ಕು ಸಾಲು

ಬೆಳಿಗ್ಗೆ ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ಆಕೆ ಲ್ಯಾಬಿನ ಬೀಗ ತೆಗೆಯುತ್ತಾರೆ. ಚಪ್ಪಲಿ ಬಿಟ್ಟು ದಪ್ಪ ಅಡಿಯ ಬೂಟು ಹಾಕಿಕೊಂಡು, ಹಳೆಯ ಹತ್ತಿ ಬಟ್ಟೆಯಿಂದ ಯಂತ್ರದ ಮೇಲಿನ ತಟ್ಟೆ, ಕೆಳಗಿನ ತಟ್ಟೆ ಎರಡನ್ನೂ ಒರೆಸುತ್ತಾರೆ. ಸ್ವಿಚ್ಚು ಹಾಕಿ, ಕನ್ನಡಕ ಮೂಗಿನ ಮೇಲೆ ಸರಿ ಮಾಡಿಕೊಂಡು, ಮುಳ್ಳು ಸೊನ್ನೆಯ ಮೇಲೆ ನಿಂತಿದೆಯೇ ಎಂದು ನೋಡುತ್ತಾರೆ. ನಿಂತು ಒಮ್ಮೆ, ಬಗ್ಗಿ ಒಮ್ಮೆ. ಕೂದಲೆಳೆಯಷ್ಟು ಆಚೀಚೆ ಇದ್ದರೂ ಪಕ್ಕದ ತಿರುಪು ತಿರುಗಿಸಿ ಸರಿ ಮಾಡುತ್ತಾರೆ. ಆಮೇಲೆ ದಾರದಲ್ಲಿ ನೇತುಹಾಕಿದ ಪುಸ್ತಕದಲ್ಲಿ ತಾರೀಖು ಬರೆದು, ಅದರ ಎದುರಿಗೆ ಒಂದು ಸೊನ್ನೆ ಬರೆದು, ಸಹಿ ಹಾಕುತ್ತಾರೆ. ಇಪ್ಪತ್ತಾರು ವರ್ಷದಿಂದ ಇದೊಂದು ತಪ್ಪಿಲ್ಲ. ಆ ಪುಸ್ತಕಗಳು ಈಗ ಹನ್ನೊಂದಾಗಿವೆ.

ಅದಕ್ಕೇ ಲ್ಯಾಬಿನಲ್ಲಿ ಎಲ್ಲರೂ ಆಕೆಯನ್ನು ಸೊನ್ನೆಯಕ್ಕ ಅನ್ನುತ್ತಾರೆ. ಆಕೆಗೆ ಬೇಸರವಿಲ್ಲ. ಬಸ್ಸು ಓಡಿಸಿ ನಿವೃತ್ತರಾದ ಅವರ ಯಜಮಾನರಿಗಂತೂ ಇದು ಎಂದೂ ಹಳತಾಗದ ತಮಾಷೆ. "ಲೋಕದಲ್ಲಿ ಎಲ್ಲರೂ ಬೆವರು ಸುರಿಸಿ ಸಂಬಳ ತಗೊಂಡರೆ ನಮ್ಮನೆಯವಳು ದಿನಕ್ಕೊಂದು ಸೊನ್ನೆ ಬರೆದು ತಗೊಳ್ತಾಳೆ," ಎಂದು ಬಂದವರಿಗೆಲ್ಲ ಹೇಳುತ್ತಾರೆ.

ಅವರ ಮನೆಯ ಗೋಡೆಗೇ ನಮ್ಮ ಮನೆಯ ಗೋಡೆ. ತಾರಸಿಯ ಮೇಲೆ ಬಟ್ಟೆ ಒಣಹಾಕುವಾಗ ಆಕೆ ನನಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸೊನ್ನೆ ನೋಡುವ ಮುಂಚೆ ಒಂದು ಗಳಿಗೆ ಕಣ್ಣು ಮುಚ್ಚುತ್ತೀರಂತಲ್ಲ, ಪ್ರಾರ್ಥನೆಯೇ ಎಂದು ಒಮ್ಮೆ ಕೇಳಿದ್ದೆ. "ಅಲ್ಲಪ್ಪ, ಎಣ್ಣೆ ಸೋರಿದರೆ ವಾಸನೆ ಬರುತ್ತೆ. ಕಣ್ಣು ಮುಚ್ಚಿದರೆ ಮೂಗು ಚುರುಕು," ಎಂದರು. ಇನ್ನೊಂದು ಬಟ್ಟೆ ಕೊಡವಿ ಹರಡಿ, "ಅದೂ ಇರುತ್ತೆ ಅನ್ನಿ," ಎಂದು ಸೇರಿಸಿದರು.

ಆಕೆಯ ಕೆಲಸ ಕಾಂಕ್ರೀಟು ಒಡೆಯುವುದು. ಎಲ್ಲೇ ದೊಡ್ಡ ಕಟ್ಟಡ ಎದ್ದರೂ, ಚಾವಣಿ ಹಾಕುವ ದಿನ ಅದೇ ಕಾಂಕ್ರೀಟನ್ನು ಒಂದು ಗೇಣಿಗೂ ಕಡಿಮೆ ಅಳತೆಯ ಚೌಕದ ಮೂರು ಅಚ್ಚುಗಳಿಗೆ ತುಂಬಬೇಕು. ಇವಕ್ಕೆ ಕ್ಯೂಬು ಎಂದು ಹೆಸರು. ಇಪ್ಪತ್ತೆಂಟು ದಿನ ನೀರಿನಲ್ಲಿ ಮುಳುಗಿಸಿಟ್ಟು, ಸರ್ಕಾರಿ ಲ್ಯಾಬಿಗೆ ತಂದು, ಯಂತ್ರದಲ್ಲಿಟ್ಟು ಒತ್ತಬೇಕು. ಎಷ್ಟು ಭಾರಕ್ಕೆ ಒಡೆಯಿತೋ ಅದೇ ಆ ಚಾವಣಿಯ ಜಾತಕ. ಚಾವಣಿಯನ್ನೇ ಒಡೆದು ನೋಡಲು ಆಗುವುದಿಲ್ಲವಲ್ಲ. ಅದರ ಬದಲಿಗೆ ಈ ಮೂರು ಕ್ಯೂಬುಗಳು ಪ್ರಾಣ ಕೊಡುತ್ತವೆ.

ಆಕೆ ಓದಿದ್ದು ಹತ್ತನೇ ತರಗತಿ. ರಿಜಿಸ್ಟರು ಬರೆಯಲು ಸೇರಿದವರು, ಆಗಿದ್ದ ಮುದುಕ ಆಪರೇಟರು ಯಂತ್ರ ನಡೆಸುವುದನ್ನು ನೋಡಿ ನೋಡಿ ಕಲಿತರು. ಆ ಹಿರಿಯರು ಒಂದು ಮಾತು ಹೇಳಿದ್ದರಂತೆ. "ಮುಳ್ಳು ನೋಡೋದು ಅರ್ಧ ಕೆಲಸ, ತಾಯಿ. ಒಡೆದ ಮೇಲೆ ತುಂಡು ತಿರುಗಿಸಿ ಒಳಗೆ ನೋಡು. ಹೊರಗಡೆ ಯಾರು ಬೇಕಾದರೂ ನುಣ್ಣಗೆ ಮಾಡಬಹುದು." ಹಾಗಾಗಿ ಆಕೆ ಒಡೆದ ಪ್ರತಿ ತುಂಡನ್ನೂ ಕೈಗೆತ್ತಿಕೊಂಡು ಒಮ್ಮೆ ತಿರುಗಿಸಿ ನೋಡಿಯೇ ಕಸದ ಗಾಡಿಗೆ ಹಾಕಿಸುತ್ತಾರೆ. ವರದಿಯ ಹಾಳೆಯಲ್ಲಿ ಕೊನೆಗೆ ಎರಡು ಬೆರಳಗಲದ ಒಂದು ಕಾಲಮ್ಮಿದೆ, ಷರಾ ಎಂದು. ಬೇರೇನಾದರೂ ಹೇಳುವುದಿದ್ದರೆ ಬರೆಯುವ ಜಾಗ. ಇಪ್ಪತ್ತಾರು ವರ್ಷ ಆಕೆ ಅಲ್ಲಿ ಬರೆದದ್ದು 'ಇಲ್ಲ' ಎಂಬ ಎರಡಕ್ಷರ. ಒಂದೆರಡು ಸಲ 'ಮೂಲೆ ಮುಕ್ಕಾಗಿದೆ' ಎಂದೂ ಬರೆದದ್ದುಂಟು.

ಕಳೆದ ವರ್ಷ ಆಸ್ಪತ್ರೆಗೆ ಎರಡನೇ ಅಂತಸ್ತು ಕಟ್ಟುತ್ತಿದ್ದರು. ಕೆಳಗೆ ವಾರ್ಡು, ಮೇಲೆ ಇನ್ನೊಂದು ವಾರ್ಡು. ಗುತ್ತಿಗೆದಾರರ ಕಡೆಯ ಸೈಟ್ ಎಂಜಿನಿಯರು ಬೇರೆ ಯಾರೂ ಅಲ್ಲ, ಆಕೆಯ ಒಬ್ಬಳೇ ಮಗಳ ಗಂಡ. ಒಳ್ಳೆಯ ಹುಡುಗ. ಮದುವೆಯಾಗಿ ಮೂರು ವರ್ಷ. ಅತ್ತೆ ಮನೆಗೆ ಬಂದಾಗ ತಾನೇ ನಲ್ಲಿಯ ವಾಷರು ಬದಲಾಯಿಸಿ ಹೋಗುವಂಥವನು. ಲ್ಯಾಬಿನಲ್ಲಿ ಒಂದು ರೂಢಿಯಿತ್ತು: ತಮ್ಮ ಮನೆಯವರ ಕಾಮಗಾರಿಯ ಕ್ಯೂಬು ಬಂದರೆ ಇನ್ನೊಬ್ಬ ಆಪರೇಟರಿಗೆ ಬಿಟ್ಟುಕೊಡುವುದು. ಅವತ್ತು ಆ ಇನ್ನೊಬ್ಬರು ಬೆನ್ನು ನೋವೆಂದು ರಜೆಯಲ್ಲಿದ್ದರು. "ಕಾಯಿಸಬೇಕಿತ್ತು. ಕಾಯಿಸಲಿಲ್ಲ. ಅದು ನನ್ನ ತಪ್ಪೇ," ಎಂದು ಆಕೆ ಈಗಲೂ ಹೇಳುತ್ತಾರೆ.

ಅಳಿಯ ಕ್ಯೂಬುಗಳನ್ನು ಇಳಿಸಿ, ಯಾವಾಗಲೂ ಒಳಗೆ ಬಂದು ಕುರ್ಚಿ ಎಳೆದುಕೊಳ್ಳುವವನು, ಅವತ್ತು ಗೇಟಿನ ಹತ್ತಿರವೇ ಫೋನು ಹಿಡಿದು ನಿಂತ. ಕ್ಯೂಬುಗಳನ್ನು ಯಂತ್ರಕ್ಕೆ ಎತ್ತಿಡುವವನು ಐವತ್ತು ದಾಟಿದ ಗಟ್ಟಿ ಆಸಾಮಿ. ಒಂದೊಂದು ಕ್ಯೂಬು ಹೆಚ್ಚುಕಡಿಮೆ ಎಂಟು ಕಿಲೋ ತೂಗುವುದರಿಂದ ಅವನಿಗೆ ಎಂಟುಕಿಲೋ ಎಂದೇ ಹೆಸರು. ಅವನು ಮೊದಲನೆಯದನ್ನು ಎತ್ತಿ, ಕೈಯಲ್ಲೇ ಒಂದು ಸಲ ತೂಗಿ, "ಅಕ್ಕಾ, ಅಳಿಯಂದಿರ ಕಡೆಯವು ಅಂತ ಚೆನ್ನಾಗಿ ಉಂಡುಕೊಂಡು ಬಂದಿವೆ," ಎಂದ.

"ಬಾಯಿ ಮುಚ್ಚಿಕೊಂಡು ಇಡು, ಕಾಲ ಮೇಲೆ ಹಾಕ್ಕೊಂಡೀಯ."

ಆ ದರ್ಜೆಯ ಕಾಂಕ್ರೀಟಿಗೆ ಮುಳ್ಳು ಐನೂರ ಅರವತ್ತೆರಡು ದಾಟಿದರೆ ಪಾಸು. ಸಾಮಾನ್ಯವಾಗಿ ಆರುನೂರೈವತ್ತು, ಏಳುನೂರಕ್ಕೆ ಒಡೆಯುತ್ತವೆ. ಮುಳ್ಳು ಏಳುನೂರು ದಾಟಿತು, ಎಂಟುನೂರು ದಾಟಿತು. ಎಂಟುಕಿಲೋ ಎರಡು ಹೆಜ್ಜೆ ಹಿಂದೆ ಸರಿದ. ಸಾವಿರದ ಎಂಬತ್ತಕ್ಕೆ ಕ್ಯೂಬು ಗುಂಡು ಹಾರಿದ ಹಾಗೆ ಸಿಡಿಯಿತು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ.

"ಇದು ಆಸ್ಪತ್ರೆಗಾ, ಅಣೆಕಟ್ಟಿಗಾ?" ಎಂದ ಎಂಟುಕಿಲೋ.

ಆಕೆ ತುಂಡನ್ನು ಎತ್ತಿ ತಿರುಗಿಸಿದರು. ಒಳಗಿದ್ದ ಜಲ್ಲಿ ಕಪ್ಪಗಿತ್ತು, ಹೊಸ ಸ್ಲೇಟಿನಂತೆ. ಇನ್ನೊಂದು ತುಂಡು, ಮತ್ತೊಂದು ತುಂಡು. ಎಲ್ಲವೂ ಕಪ್ಪು. ಆಕೆ ಒಂದು ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ಮತ್ತೆ ನೋಡಿದರಂತೆ. ಯಾಕೆಂದರೆ ಆರು ತಿಂಗಳ ಹಿಂದೆ ಅದೇ ಆಸ್ಪತ್ರೆ ಕಾಮಗಾರಿಯ ಜಲ್ಲಿ ಪರೀಕ್ಷೆಗೆ ಬಂದಿತ್ತು. ಒಪ್ಪಿಗೆಯಾದ ಜಲ್ಲಿಯ ಎರಡು ಸೇರಿನಷ್ಟನ್ನು ಬಟ್ಟೆ ಚೀಲದಲ್ಲಿ ಕಟ್ಟಿ, ಚೀಟಿ ಹಚ್ಚಿ, ಹಿಂದಿನ ಕೋಣೆಯ ಕಪಾಟಿನಲ್ಲಿಡುವುದು ಲ್ಯಾಬಿನ ಪದ್ಧತಿ. ಆ ಚೀಲ ಕಟ್ಟಿದ್ದು ಆಕೆಯೇ. ಅದರೊಳಗಿನ ಕಲ್ಲು ನಸುಗೆಂಪು.

ಆಕೆ ಹೋಗಿ ಇನ್ನೂರ ಹನ್ನೆರಡನೇ ಚೀಲ ತಂದರು. ಗಂಟು ಬಿಚ್ಚಿ ಒಂದು ಹಿಡಿ ಜಲ್ಲಿಯನ್ನು ಮೇಜಿನ ಮೇಲೆ ಸುರಿದು, ಪಕ್ಕದಲ್ಲಿ ಒಡೆದ ತುಂಡು ಇಟ್ಟರು. ಎಂಟುಕಿಲೋ ನೋಡಿದ. ಪೊರಕೆ ತರುತ್ತೇನೆಂದು ಹೊರಗೆ ಹೋದವನು ಬಹಳ ಹೊತ್ತು ಬರಲಿಲ್ಲ.

ಆಕೆ ಅಳಿಯನನ್ನು ಒಳಗೆ ಕರೆದರು. ಬಂದವನು ಮೇಜು ನೋಡಿದ. ಅಷ್ಟೇ ಸಾಕಾಯಿತು.

"ಅತ್ತೆ, ನಂಬರ್ ಎಷ್ಟು ಬಂತು?"

"ನಂಬರ್ ಚೆನ್ನಾಗೇ ಬಂದಿದೆ. ಹೆದರಿಕೊಂಡು ಸಿಮೆಂಟು ಸುರಿದರೆ ಬರದೇ ಇರುತ್ತಾ? ಎಲ್ಲಿ ಮಾಡಿದ್ದು ಇವನ್ನ?"

"ಗುತ್ತಿಗೆದಾರರ ಗೋಡೌನಿನಲ್ಲಿ. ಅಲ್ಲಿ ಬೇರೆ ಕೆಲಸಕ್ಕೆ ತರಿಸಿದ್ದ ಜಲ್ಲಿ ಇತ್ತು. ಬಣ್ಣ ಯಾರು ನೋಡ್ತಾರೆ ಅಂದುಕೊಂಡ್ವಿ."

"ಚಾವಣಿ ಹಾಕಿದ ದಿನ ಕ್ಯೂಬು ಮಾಡಲೇ ಇಲ್ವಾ?"

"ಗುತ್ತಿಗೆದಾರರು ಮಾಡಬೇಡಿ ಅಂದರು. ಸಿಮೆಂಟಿನ ಮೂಟೆ ಕಡಿಮೆ ಇತ್ತು ಅವತ್ತು. ಬಿಸಿಲು ಬೇರೆ, ನೀರು ಜಾಸ್ತಿ ಬಿಟ್ಟರು."

"ಎಷ್ಟು ಮೂಟೆ ಕಡಿಮೆ?"

"ನಾನು ಎಣಿಸಲಿಲ್ಲ ಅತ್ತೆ."

"ಎಣಿಸಲಿಲ್ಲವೋ, ಎಣಿಸಬೇಡ ಅಂದರೋ?"

ಅವನು ಮೇಜಿನ ಮೇಲಿನ ಜಲ್ಲಿಯನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿದ. ಕ್ಯೂಬಿನ ಜೊತೆ ಬಂದಿದ್ದ ಚೀಟಿಯಲ್ಲಿ 'ನನ್ನ ಎದುರಿಗೆ ಚಾವಣಿಯ ಕಾಂಕ್ರೀಟಿನಿಂದ ತುಂಬಿಸಲಾಗಿದೆ' ಎಂಬ ಅಚ್ಚಾದ ಸಾಲಿನ ಕೆಳಗೆ ಅವನ ಸಹಿಯಿತ್ತು, ಬಾಲ ಉದ್ದ ಎಳೆದ ಸಹಿ. ಮದುವೆಯ ರಿಜಿಸ್ಟರಿನಲ್ಲೂ ಅದೇ ಬಾಲ ಆಕೆ ನೋಡಿದ್ದರು.

"ಅತ್ತೆ, ನೀವು ಸುಳ್ಳು ಬರೀರಿ ಅಂತ ನಾನು ಹೇಳ್ತಿಲ್ಲ. ಬಂದ ನಂಬರು ಬರೀರಿ. ಅದು ನಿಜಾನೇ ಅಲ್ವಾ? ನಿಮ್ಮ ಕೆಲಸ ಅಷ್ಟೇ. ಷರಾ ಕಾಲಂ ಯಾರು ಓದ್ತಾರೆ?"

"ಯಾರೂ ಓದಲ್ಲ ಅಂದಮೇಲೆ ನಾನು ಬರೆದರೆ ನಿಮಗೇನು ತೊಂದರೆ?"

ಅವನು ನಗಲು ನೋಡಿದ, ಆಗಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು, "ಸಹಿ ನಂದು ಅತ್ತೆ. ಗುತ್ತಿಗೆದಾರರದ್ದು ಎಲ್ಲೂ ಇಲ್ಲ," ಎಂದ. ವರದಿ ಮಾರನೆಯ ದಿನ ಸಂಜೆ ಐದರೊಳಗೆ ಹೋಗಬೇಕಿತ್ತು.

ಅವತ್ತು ಸಂಜೆ ದೀಪ ಹಾಕುವ ಮೊದಲೇ ಮಗಳು ಬಂದಳು. ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಅಮ್ಮ, ಅವರು ಊಟ ಬಿಟ್ಟು ಕೂತಿದ್ದಾರೆ. ಏನು ಮಾಡ್ತೀಯ ಹೇಳು."

"ಕೂತ್ಕೋ ಮೊದಲು."

"ಕೂರಲ್ಲ. ಎಲ್ಲ ಕಡೆ ಹೀಗೇ ನಡಿಯುತ್ತಂತೆ. ನಿನಗೆ ಮಾತ್ರ ಕಣ್ಣು ಕೊಟ್ಟಿದಾನಾ ದೇವರು? ಬೇರೆಯವರ ಕ್ಯೂಬಾಗಿದ್ದರೆ ಇಷ್ಟು ಕೆದಕ್ತಿದ್ದೆಯಾ?"

"ಬೇರೆಯವರದ್ದಾಗಿದ್ದರೆ ಇಷ್ಟು ಹೊತ್ತಿಗೆ ಬರೆದು ಮುಗಿಸಿ ಬಟ್ಟೆ ಮಡಿಸ್ತಾ ಇರ್ತಿದ್ದೆ."

ಮಗಳ ಕಣ್ಣು ತುಂಬಿತು. "ನಿನ್ನ ಕೆಲಸ ಒಡೆಯೋದು, ಒಪ್ಪಿದೆ. ಕ್ಯೂಬು ಒಡೆದೆಯಲ್ಲ, ಸಾಲದಾ? ನಮ್ಮನೇನೂ ಒಡೀಬೇಕಾ?" ಎಂದು ಹೇಳಿ, ತಂದೆಯ ಕಡೆ ಒಂದು ಸಲ ನೋಡಿ, ಬಂದ ಹಾಗೇ ಹೊರಟುಹೋದಳು.

ಯಜಮಾನರು ಪೇಪರು ಮಡಚಿಟ್ಟರು. ತಮಾಷೆ ಬಿಟ್ಟು ಮಾತಾಡುವುದು ಅವರಿಗೆ ಅಭ್ಯಾಸವಿಲ್ಲ.

"ನೋಡು, ಡಿಪೋದಲ್ಲಿ ಬೆಳಿಗ್ಗೆ ಗಾಡಿ ತಗೊಳ್ಳೋ ಮುಂಚೆ ಒಂದು ಪುಸ್ತಕ ಇರ್ತಿತ್ತು. ಬ್ರೇಕು ಸರಿ ಇಲ್ಲ ಅಂತ ಬರೆದರೆ ಅವತ್ತು ನಿನಗೆ ಗಾಡಿ ಇಲ್ಲ, ದಿನವಿಡೀ ಷೆಡ್ಡಲ್ಲಿ ಕೂತಿರು. ಮೂವತ್ತು ವರ್ಷದಲ್ಲಿ ನಾನು ಬರೆದದ್ದು ಎರಡೇ ಸಲ."

"ಎರಡೇ ಸಲ ಕೆಟ್ಟಿತ್ತಾ?"

"ಅದನ್ನೇ ಹೇಳ್ತಿರೋದು," ಎಂದರು ಅವರು. "ಏನೂ ಆಗಲಿಲ್ಲ. ದೇವರು ದೊಡ್ಡವನು. ಆದರೆ ಇವತ್ತೂ ಇಳಿಜಾರಿನ ಕನಸು ಬೀಳುತ್ತೆ. ಬರೀ ಅಂತಲೂ ಹೇಳಲ್ಲ, ಬೇಡ ಅಂತಲೂ ಹೇಳಲ್ಲ. ಅವಳು ನನಗೂ ಮಗಳೇ."

ಮಾರನೆಯ ದಿನ ಆಕೆ ಎಂದಿನಂತೆ ಬೀಗ ತೆಗೆದು, ತಟ್ಟೆ ಒರೆಸಿ, ಸೊನ್ನೆ ನೋಡಿದರು. ಸೊನ್ನೆ ಸರಿಯಾಗೇ ಇತ್ತು. ಪುಸ್ತಕದಲ್ಲಿ ಸಹಿ ಹಾಕುವಾಗ ಆಕೆಗೆ ಅನಿಸಿತಂತೆ: ಈ ಪುಸ್ತಕವನ್ನೂ ಇದುವರೆಗೆ ಯಾರೂ ಓದಿಲ್ಲ. ಹನ್ನೊಂದು ಪುಸ್ತಕ, ಒಬ್ಬರೂ ಓದಿಲ್ಲ. ಹಾಗಂತ ಒಂದು ದಿನವೂ ಬಿಟ್ಟಿಲ್ಲವಲ್ಲ.

ವರದಿಯ ಹಾಳೆ ತೆಗೆದು ಮೂರು ಅಂಕಿಗಳನ್ನೂ ಇದ್ದದ್ದು ಇದ್ದ ಹಾಗೆ ಬರೆದರು. ಷರಾ ಕಾಲಮ್ಮಿನ ಎರಡು ಬೆರಳಗಲದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ನಾಲ್ಕು ಸಾಲು ಬರೆದರು: 'ಒಡೆದ ತುಂಡುಗಳಲ್ಲಿ ಕಪ್ಪು ಜಲ್ಲಿ ಇದೆ. ಈ ಕಾಮಗಾರಿಗೆ ಒಪ್ಪಿದ ಜಲ್ಲಿ ನಸುಗೆಂಪು, ಮಾದರಿ ಚೀಲ ಇನ್ನೂರ ಹನ್ನೆರಡು. ಇವು ಆ ಚಾವಣಿಯ ಕ್ಯೂಬುಗಳೆಂದು ಹೇಳಲಾರೆ. ಸಹಿ ಮಾಡಿದ ಎಂಜಿನಿಯರು ನನ್ನ ಅಳಿಯ, ಮುಂದಿನ ಪರೀಕ್ಷೆ ಬೇರೆಯವರಿಂದ ಆಗಲಿ.' ಕೊನೆಯ ಸಾಲಿಗೆ ಜಾಗ ಸಾಲದೆ ಅಂಚಿನ ಉದ್ದಕ್ಕೆ ಮೇಲಕ್ಕೆ ಬರೆಯಬೇಕಾಯಿತು.

ಲ್ಯಾಬಿನ ಸಾಹೇಬರು ಹಾಳೆಯನ್ನು ಅಡ್ಡ ತಿರುಗಿಸಿ ಆ ಸಾಲು ಓದಿದರು. ಕನ್ನಡಕ ತೆಗೆದಿಟ್ಟು, "ಅಕ್ಕ, ಈ ಕೊನೇ ಸಾಲು ಬರೀಲೇಬೇಕಿತ್ತಾ?" ಎಂದರು.

"ಅದಿಲ್ಲದಿದ್ದರೆ ಮೇಲಿನ ಮೂರು ಸಾಲು ಯಾರು ನಂಬ್ತಾರೆ, ಸರ್? ನಾಳೆ ಯಾರಾದರೂ ಹುಡುಕಿ ತೆಗೆಯೋ ಬದಲು ನಾನೇ ಹೇಳಿದ್ದೀನಿ."

ಸಾಹೇಬರು ಹೆಚ್ಚು ಮಾತಾಡುವವರಲ್ಲ. ಸಹಿ ಹಾಕಿ ಕಳಿಸಿದರು. ಆಮೇಲೆ ಬೇರೆ ಊರಿನ ಲ್ಯಾಬಿನವರು ಬಂದು ಆಸ್ಪತ್ರೆಯ ಚಾವಣಿಯಲ್ಲೇ ಐದು ಕಡೆ ಕೊರೆದು, ಬೆರಳುದ್ದದ ಕಾಂಕ್ರೀಟಿನ ಕಂಬಗಳನ್ನು ತೆಗೆದುಕೊಂಡು ಹೋದರು. ಬೇಕಾದ ಗಟ್ಟಿತನದ ಅರ್ಧವೂ ಇರಲಿಲ್ಲ. ಕೆಳಗಿನ ವಾರ್ಡಿನ ರೋಗಿಗಳನ್ನು ಹಳೆಯ ಕಟ್ಟಡಕ್ಕೆ ಸಾಗಿಸಿ, ಚಾವಣಿಯನ್ನು ಒಡೆದು ತೆಗೆದರು. ವಿಚಾರಣೆ ಕೂತಿತು. ಗುತ್ತಿಗೆದಾರರು ಮಾಡಿದ ಮೊದಲ ಕೆಲಸ, ಅಳಿಯನನ್ನು ಕೆಲಸದಿಂದ ತೆಗೆದು, 'ನಮ್ಮ ಎಂಜಿನಿಯರು ನಮಗೆ ತಿಳಿಸದೆ ಮಾಡಿದ್ದು' ಎಂದು ಪತ್ರ ಬರೆದದ್ದು.

ನಾಲ್ಕು ತಿಂಗಳು ಮಗಳು ತಾಯಿಯ ಜೊತೆ ಮಾತಾಡಲಿಲ್ಲ. ಫೋನು ಬರುತ್ತಿತ್ತು, ತಂದೆಗೆ ಮಾತ್ರ. ಯಜಮಾನರು ಬೇಕೆಂತಲೇ ಗಟ್ಟಿಯಾಗಿ ಮಾತಾಡುತ್ತಿದ್ದರು. "ಓಹೋ, ಟೈಲ್ಸ್ ಅಂಗಡಿಯಲ್ಲಿ ಲೆಕ್ಕ ಬರೀತಿದ್ದಾರಾ?" "ಕೆಮ್ಮು ಕಡಿಮೆ ಆಯ್ತಾ ನಿನಗೆ?" ಗೋಡೆಯ ಈಚೆ ನನಗೂ ಕೇಳುತ್ತಿತ್ತು. ಆಕೆ ಅಡುಗೆಮನೆಯಲ್ಲಿ ನಲ್ಲಿ ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದರು. ಆ ನಲ್ಲಿಯ ವಾಷರು ಮತ್ತೆ ಸವೆದಿತ್ತು. ಯಾರೂ ಬದಲಾಯಿಸಿರಲಿಲ್ಲ.

ವಿಚಾರಣೆಯವರು ಅಳಿಯನನ್ನು ಹೇಳಿಕೆಗೆ ಕರೆದ ದಿನಕ್ಕೆ ಒಂದು ವಾರ ಮುಂಚೆ ಮಗಳು ಬಂದಳು. ಈ ಸಲ ಚಪ್ಪಲಿ ಬಿಟ್ಟು ಬಂದಳು, ಕೂತಳು. ಇಳಿದುಹೋಗಿದ್ದಳು.

"ಅಮ್ಮ, ನಿಮ್ಮ ಸಾಹೇಬರು ವಿಚಾರಣೆ ಸಮಿತಿಯಲ್ಲಿ ಇದ್ದಾರಂತೆ. ನಿನ್ನ ಮೇಲೆ ಅವರಿಗೆ ಗೌರವ. ಒಂದು ಮಾತು ಹೇಳು. ಅಷ್ಟೇ ಕೇಳೋದು. ಇನ್ನು ಜನ್ಮದಲ್ಲಿ ಏನೂ ಕೇಳಲ್ಲ."

ಆಕೆ ಮಗಳ ತಲೆಯ ಮೇಲೆ ಕೈಯಿಟ್ಟರು. "ಅವತ್ತು ನನಗೆ ಬಾಯಿ ಬರಲಿಲ್ಲ," ಎಂದರು ನನ್ನ ಹತ್ತಿರ. "ನಾಲ್ಕು ತಿಂಗಳ ಮೇಲೆ 'ಅಮ್ಮ' ಅಂದಿದ್ದಳು. ಸ್ವಲ್ಪ ಹೊತ್ತು ಅದನ್ನೇ ಕೇಳ್ತಾ ಇರೋಣ ಅನಿಸಿತು."

ಆಕೆ ಕೇಳುವ ಪ್ರಮೇಯ ಬರಲಿಲ್ಲ. ಎರಡು ದಿನ ಬಿಟ್ಟು ಸಾಹೇಬರೇ ತಮ್ಮ ಕೋಣೆಗೆ ಕರೆದರು. ಬಾಗಿಲು ಹಾಕಿಸಿ, ಕುರ್ಚಿ ತೋರಿಸಿದರು. ಮೇಜಿನ ಮೇಲೆ ಆಸ್ಪತ್ರೆಯ ಫೈಲಿತ್ತು.

"ಅಕ್ಕ, ನೀವು ನನ್ನ ಹತ್ತಿರ ಯಾವತ್ತೂ ಏನೂ ಕೇಳಿದವರಲ್ಲ. ನಾನೇ ಹೇಳ್ತೀನಿ. ಈ ಕ್ಯೂಬಿನ ಚೀಟಿ ಇದೆಯಲ್ಲ, ಇದರ ಬದಲು ಇನ್ನೊಂದು ಚೀಟಿ ಬರುತ್ತೆ. ಸಮಿತಿಯಲ್ಲಿ ಉಳಿದಿಬ್ಬರೂ ಒಪ್ಪಿದ್ದಾರೆ. ಚಾವಣಿ ಹೇಗೂ ಒಡೆದಾಯ್ತು, ಗುತ್ತಿಗೆದಾರರಿಗೆ ಶಿಕ್ಷೆ ಹೇಗೂ ಆಗುತ್ತೆ. ಇಷ್ಟು ದೊಡ್ಡ ಅನಾಹುತ ತಪ್ಪಿಸಿದವರು ನೀವು. ನಿಮ್ಮ ಮನೆಯ ಹುಡುಗನ ಬದುಕು ಹಾಳಾಗೋದು ನನಗೆ ಇಷ್ಟವಿಲ್ಲ."

ಆಕೆ ಫೈಲನ್ನು ನೋಡಿದರು. ಆ ಉದ್ದ ಬಾಲದ ಸಹಿ ತಲೆಕೆಳಗಾಗಿ ಕಾಣುತ್ತಿತ್ತು.

"ಹೊಸ ಚೀಟಿಯಲ್ಲಿ ಯಾರ ಸಹಿ ಇರುತ್ತೆ, ಸರ್?"

"ಅದು... ಅವತ್ತು ಸೈಟಿನಲ್ಲಿದ್ದ ಮೇಸ್ತ್ರಿದು."

"ಆ ಮೇಸ್ತ್ರಿ ನನಗೆ ಗೊತ್ತು. ಕ್ಯೂಬು ತಂದಾಗ ಎಷ್ಟೋ ಸಲ ರಿಜಿಸ್ಟರು ಮುಂದೆ ನಿಂತಿದ್ದಾರೆ. ಅವರಿಗೆ ಸಹಿ ಬರಲ್ಲ ಸರ್. ಹೆಬ್ಬೆಟ್ಟು."

ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. ಫ್ಯಾನು ಕಿರುಗುಟ್ಟುತ್ತಿತ್ತು. ಅತ್ತ ಲ್ಯಾಬಿನಲ್ಲಿ ಎಂಟುಕಿಲೋ ಏನನ್ನೋ ಎಳೆಯುವ ಸದ್ದು.

"ಏನು ಬರೆದಿದೆ ಅಂತ ಓದೋಕೂ ಬರಲ್ಲ ಅವರಿಗೆ," ಎಂದರು ಆಕೆ. "ಒತ್ತು ಅಂದರೆ ಒತ್ತುತ್ತಾರೆ."

"ಹಾಗಾದರೆ ನಿಮ್ಮ ಅಳಿಯ..."

"ನನ್ನ ಅಳಿಯನಿಗೆ ಓದೋಕೆ ಬರುತ್ತೆ, ಬರೆಯೋಕೆ ಬರುತ್ತೆ. ಸಹಿ ಯಾರು ಹಾಕು ಅಂದರು, ಮೂಟೆ ಯಾರು ಎಣಿಸಬೇಡ ಅಂದರು, ಎಲ್ಲ ಅವರ ಬಾಯಿಂದಲೇ ಹೇಳಲಿ. ಹೇಳಿದರೆ ಆ ದೊಡ್ಡವರೂ ಈಚೆಗೆ ಬರ್ತಾರೆ. ಚೀಟಿ ಬದಲಾದರೆ ತಪ್ಪೆಲ್ಲ ಮೇಸ್ತ್ರಿ ತಲೆಗೆ, ಅವರೂ ಬಚಾವು. ನಾನು ಅವರ ಜೊತೆ ಬರ್ತೀನಿ ಸರ್, ಒಳಗೆ ಬಿಡದಿದ್ದರೆ ಹೊರಗೆ ಬೆಂಚಿನ ಮೇಲೆ ಕೂತಿರ್ತೀನಿ. ಅದು ನನ್ನ ಕೈಲಾಗುತ್ತೆ."

"ಮಗಳಿಗೆ ಏನು ಹೇಳ್ತೀರಿ?"

ಆಕೆ ಸೆರಗಿನಿಂದ ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು.

"ನೀವು ಚೀಟಿ ಬದಲಿಸಿ ಕೊಡ್ತೀನಿ ಅಂದಿರಿ, ನಾನೇ ಬೇಡ ಅಂದೆ ಅಂತ ಹೇಳ್ತೀನಿ. ಬೇರೆ ಯಾರ ಬಾಯಿಂದಲೋ ಕೇಳೋದು ಬೇಡ." ಎದ್ದು ನಿಂತು, ಫೈಲನ್ನು ಎರಡು ಕೈಯಿಂದ ಸಾಹೇಬರ ಕಡೆಗೆ ಸರಿಸಿದರು. "ಒಳ್ಳೆ ಮನಸ್ಸಿನಿಂದ ಹೇಳಿದ್ರಿ, ಸರ್. ಮರೆಯಲ್ಲ. ಆದರೆ ಬೇಡ."